ಸಂಬಳದ ಬಜೆಟ್: ಹೆಸರಿಗೊಂದು ಸಾಲು, ಬದಲಾವಣೆಗೊಂದು ತಾರೀಕು

ತಿಂಗಳಿಗೆ 20,000 ರೂಪಾಯಿ ಸಂಬಳದ ಒಬ್ಬ ನೌಕರನಿಗಾಗಿ ಸಂಸ್ಥೆಯ ಕೈಯಿಂದ ಹೋಗುವುದು ಹತ್ತಿರ ಹತ್ತಿರ 24,800 ರೂಪಾಯಿ. ಮೇಲಿನ ಆ 4,800 ಏನೇನು, ಯಾವ ತಿಂಗಳಲ್ಲಿ ಎಷ್ಟು ಕಟ್ಟಬೇಕು, ಮುಂದಿನ ವರ್ಷ ಅದು ಎಷ್ಟಾಗುತ್ತದೆ ಎಂಬುದನ್ನು ಏಪ್ರಿಲ್ 1ಕ್ಕೆ ಮೊದಲೇ ಬಿಡಿಸಿ ಇಟ್ಟುಕೊಳ್ಳುವುದೇ ಸಂಬಳದ ಬಜೆಟ್. ಮಂಗಳೂರಿನಲ್ಲಿ ಬೈಕಂಪಾಡಿಯ ಸಣ್ಣ ಕಾರ್ಖಾನೆ, ಹಂಪನಕಟ್ಟೆಯ ಬಟ್ಟೆ ಅಂಗಡಿ, ಕಂಕನಾಡಿ ಕಡೆಯ ನರ್ಸಿಂಗ್ ಹೋಂ, ಊರ ತುಂಬ ಇರುವ ಶಾಲೆ ಮತ್ತು ಸಹಕಾರಿ ಸಂಘ ಎಲ್ಲ ಕಡೆಯೂ ಫೆಬ್ರುವರಿ, ಮಾರ್ಚ್‌ನಲ್ಲಿ ಈ ಕೆಲಸ ಮೇಜಿಗೆ ಬರುತ್ತದೆ. ಎಷ್ಟೋ ಕಡೆ ಅದು ಹತ್ತೇ ನಿಮಿಷದಲ್ಲಿ ಮುಗಿಯುತ್ತದೆ: ಹೋದ ವರ್ಷದ ಒಟ್ಟು ಮೊತ್ತಕ್ಕೆ ಶೇ 8ನ್ನೋ 10ನ್ನೋ ಸೇರಿಸಿ, ಸುತ್ತಿನ ಅಂಕಿ ಬರೆದು, ಆಡಳಿತ ಮಂಡಳಿಯ ಮುಂದೆ ಇಡುವುದು.

ಈ ಕ್ರಮವನ್ನು ಬಿಡಬೇಕು. ಸಂಬಳದ ಖರ್ಚು ಒಟ್ಟಿಗೆ ಏರುವುದಿಲ್ಲ. ಒಬ್ಬೊಬ್ಬರದು ಒಂದೊಂದು ತಾರೀಕಿನಂದು ಏರುತ್ತದೆ, ಕೆಲವೊಮ್ಮೆ ಇಳಿಯುತ್ತದೆ. ಆದ್ದರಿಂದ ಬಜೆಟ್ ಕೂಡ ಒಬ್ಬೊಬ್ಬರ ಸಾಲಿನಿಂದ, ಒಂದೊಂದು ತಾರೀಕಿನಿಂದ ಹುಟ್ಟಬೇಕು. ಇಪ್ಪತ್ತು, ಮೂವತ್ತು ಜನರ ಸಂಸ್ಥೆಗೆ ಎಕ್ಸೆಲ್ ಅಥವಾ ಉಚಿತವಾಗಿ ಸಿಗುವ ಲಿಬ್ರೆ ಆಫೀಸ್ ಕ್ಯಾಲ್ಕ್ ಸಾಕು. ದೊಡ್ಡ ತಂತ್ರಾಂಶ ಕೊಳ್ಳುವುದರಿಂದ ಬಜೆಟ್ ಸರಿಯಾಗುವುದಿಲ್ಲ. ಹಾಳೆಯ ರಚನೆ ಸರಿಯಿದ್ದರೆ ಸರಿಯಾಗುತ್ತದೆ.

ಮೊದಲು ಒಬ್ಬರ ಲೆಕ್ಕ

ಆ 24,800ವನ್ನು ಬಿಡಿಸಿ ನೋಡೋಣ. ನೌಕರನ ಮೂಲವೇತನ ಮತ್ತು ತುಟ್ಟಿಭತ್ಯೆ ಸೇರಿ 20,000, ಬೇರೆ ಭತ್ಯೆ ಇಲ್ಲ ಎಂದಿಟ್ಟುಕೊಳ್ಳಿ. ಪಿಎಫ್‌ಗೆ ಸಂಸ್ಥೆ 15,000 ರೂಪಾಯಿಯ ಶಾಸನಬದ್ಧ ಮಿತಿಯ ಮೇಲೆ ಕಟ್ಟುತ್ತದೆ. ಮಾಲೀಕರ ಪಾಲು ಶೇ 12, ಅಂದರೆ 1,800. ಇದರಲ್ಲಿ 1,250 ರೂಪಾಯಿ ಪಿಂಚಣಿ ನಿಧಿಗೆ ಹೋಗುತ್ತದೆ. ಇಷ್ಟಕ್ಕೇ ಮುಗಿಯಲಿಲ್ಲ. ಇಡಿಎಲ್‌ಐ ವಿಮೆಗೆ ಶೇ 0.5, ಆಡಳಿತ ಶುಲ್ಕಕ್ಕೆ ಶೇ 0.5 ಸೇರಿ ಒಟ್ಟು ಶೇ 13, ಅಂದರೆ 1,950 ರೂಪಾಯಿ. ಸಂಬಳದ ಚೀಟಿಯಲ್ಲಿ ಶೇ 12 ಮಾತ್ರ ಕಾಣುವುದರಿಂದ ಬಜೆಟ್‌ನಲ್ಲಿ ಮೇಲಿನ ಶೇ 1 ಬಿಟ್ಟುಹೋಗುವುದು ತುಂಬ ಸಾಮಾನ್ಯ. ಆಡಳಿತ ಶುಲ್ಕಕ್ಕೆ ಸಂಸ್ಥೆಯೊಂದಕ್ಕೆ ತಿಂಗಳಿಗೆ ಕನಿಷ್ಠ 500 ರೂಪಾಯಿ ಎಂಬ ನಿಯಮವೂ ಇದೆ. ಐದಾರು ಜನರ ಪಿಎಫ್ ಕಟ್ಟುವ ಪುಟ್ಟ ಸಂಸ್ಥೆಗೆ ಅದು ಲೆಕ್ಕಕ್ಕೆ ಬರುತ್ತದೆ.

ಇಎಸ್‌ಐಗೆ ಮಾಲೀಕರ ಪಾಲು ಶೇ 3.25, ಅಂದರೆ 650. ಗ್ರಾಚ್ಯುಟಿಗೆ ವರ್ಷಕ್ಕೆ 15 ದಿನಗಳ ವೇತನ, ತಿಂಗಳಿಗೆ 26 ದಿನ ಎಂಬ ಲೆಕ್ಕದಲ್ಲಿ. ಅದನ್ನು ಹನ್ನೆರಡು ತಿಂಗಳಿಗೆ ಹಂಚಿದರೆ ಸಂಬಳದ ಶೇ 4.81, ಅಂದರೆ 962 ರೂಪಾಯಿ ತೆಗೆದಿಡಬೇಕು. ಇನ್ನು ಬೋನಸ್. ಕನಿಷ್ಠ ದರ ಶೇ 8.33. ಅದನ್ನು ಲೆಕ್ಕ ಹಾಕುವುದು 7,000 ರೂಪಾಯಿಯ ಮೇಲೆ ಅಥವಾ ಆ ಹುದ್ದೆಯ ಕನಿಷ್ಠ ವೇತನದ ಮೇಲೆ, ಯಾವುದು ಹೆಚ್ಚೋ ಅದರ ಮೇಲೆ. ಆ ಹುದ್ದೆಯ ಕನಿಷ್ಠ ವೇತನ 15,000 ಎಂದುಕೊಂಡರೆ ತಿಂಗಳ ಪಾಲು 1,250. ಹಳೆಯ ರೂಢಿಯಲ್ಲೇ 7,000ಕ್ಕೆ ಲೆಕ್ಕ ಹಾಕಿ ಬಿಡುವವರು ಈಗಲೂ ಇದ್ದಾರೆ. 2015ರ ತಿದ್ದುಪಡಿಯ ನಂತರ ಅದು ತಪ್ಪು.

ಕೂಡಿಸಿದರೆ 24,812. ವರ್ಷಕ್ಕೆ 2,97,744. ಇದಕ್ಕೆ ಕರ್ನಾಟಕ ಕಾರ್ಮಿಕ ಕಲ್ಯಾಣ ನಿಧಿಯ ಮಾಲೀಕರ ವಂತಿಗೆ 100 ರೂಪಾಯಿ. ಈ ದರ 2025ರ ತಿದ್ದುಪಡಿಯಿಂದ ಬಂದದ್ದು, ಅದಕ್ಕೆ ಮೊದಲು 40 ಇತ್ತು. ಬರಿಯ ಸಂಬಳ 2,40,000 ನೋಡಿ ಬಜೆಟ್ ಬರೆದವರಿಗೂ ಈ ಅಂಕಿಗೂ ಒಬ್ಬ ನೌಕರನ ಲೆಕ್ಕದಲ್ಲೇ ಹತ್ತಿರ 58,000 ರೂಪಾಯಿ ವ್ಯತ್ಯಾಸ.

ಇದರ ತಿರುವುಮುರುವು ತಪ್ಪೂ ಇದೆ. ವೃತ್ತಿ ತೆರಿಗೆ, ಟಿಡಿಎಸ್, ನೌಕರನ ಪಾಲಿನ ಪಿಎಫ್ ಮತ್ತು ಇಎಸ್‌ಐ ಇವೆಲ್ಲ ಸಂಬಳದ ಒಳಗಿಂದಲೇ ಕಡಿತವಾಗುವ ಹಣ. ಅವನ್ನು ಖರ್ಚಿನ ಸಾಲಿಗೆ ಮತ್ತೆ ಸೇರಿಸಿದರೆ ಒಂದೇ ಹಣ ಎರಡು ಸಲ ಎಣಿಸಿದಂತೆ. ಕರ್ನಾಟಕದಲ್ಲಿ 25,000 ಮತ್ತು ಮೇಲ್ಪಟ್ಟ ಸಂಬಳಕ್ಕೆ ವೃತ್ತಿ ತೆರಿಗೆ ತಿಂಗಳಿಗೆ 200 ರೂಪಾಯಿ, 2025-26ರಿಂದ ಫೆಬ್ರುವರಿಯಲ್ಲಿ ಮಾತ್ರ 300. ಇದು ಸಂಬಳದ ಚೀಟಿಗೆ ಬೇಕಾದ ವಿವರ, ಬಜೆಟ್‌ಗಲ್ಲ.

ನಾಲ್ಕು ಹಾಳೆ

ಒಂದೇ ಫೈಲಿನಲ್ಲಿ ನಾಲ್ಕು ಹಾಳೆ ಮಾಡಿ. ಮೊದಲನೆಯದು ‘ದರಗಳು’. ಪಿಎಫ್, ಇಎಸ್‌ಐ, ಬೋನಸ್, ಗ್ರಾಚ್ಯುಟಿ ದರಗಳು, ಪಿಎಫ್‌ನ 15,000 ಮತ್ತು ಇಎಸ್‌ಐಯ 21,000ದ ಮಿತಿಗಳು, ಉದ್ದೇಶಿತ ಏರಿಕೆ ಎಲ್ಲವೂ ಇಲ್ಲಿ ಒಂದೇ ಕಡೆ ಇರಲಿ. ಪ್ರತಿ ದರದ ಪಕ್ಕದಲ್ಲಿ ಅದು ಯಾವ ತಾರೀಕಿನಿಂದ ಜಾರಿ, ಯಾವ ಆದೇಶದಿಂದ ಬಂತು, ನೀವು ಕೊನೆಯ ಸಲ ಪರಿಶೀಲಿಸಿದ್ದು ಯಾವಾಗ ಎಂಬ ಮೂರು ಕಾಲಂ ಇಡಿ. ಬೇರೆ ಹಾಳೆಗಳ ಯಾವ ಫಾರ್ಮುಲಾದಲ್ಲೂ ಶೇ 13 ಎಂದೋ 15,000 ಎಂದೋ ನೇರವಾಗಿ ಬರೆಯಬೇಡಿ; ಈ ಹಾಳೆಯ ಸೆಲ್ಲನ್ನೇ ಕರೆಯಿರಿ. ಪಿಎಫ್ ಮಿತಿ ನಾಳೆ ಏರಿತು ಎಂದರೆ ಒಂದು ಸೆಲ್ ತಿದ್ದಿದಾಗ ಇಡೀ ಬಜೆಟ್ ತಾನಾಗಿ ಬದಲಾಗಬೇಕು. ಏರುವ ಮೊದಲೇ ಆ ಸೆಲ್ಲಿನಲ್ಲಿ ಬೇರೆ ಅಂಕಿ ಹಾಕಿ ನೋಡಿದರೆ, ಏರಿದ ದಿನ ಎಷ್ಟು ಹೊರೆ ಬೀಳುತ್ತದೆ ಎಂಬುದೂ ಗೊತ್ತಾಗುತ್ತದೆ.

ಎರಡನೆಯದು ‘ಹುದ್ದೆಗಳು’. ಇಲ್ಲಿ ಪ್ರತಿ ಸಾಲು ಒಂದು ಹುದ್ದೆ. ವ್ಯಕ್ತಿ ಬಿಟ್ಟು ಹೋದರೂ ಹುದ್ದೆ ಉಳಿಯುತ್ತದೆ, ಹಾಗಾಗಿ ಖಾಲಿ ಹುದ್ದೆಗೂ ಸಾಲಿರಲಿ, ತುಂಬುವ ನಿರೀಕ್ಷೆಯ ತಾರೀಕಿನೊಂದಿಗೆ. ನೌಕರರ ಸಂಖ್ಯೆ, ವಿಭಾಗ, ಸೇರಿದ ದಿನ, ಈಗಿನ ಮೂಲವೇತನ, ತುಟ್ಟಿಭತ್ಯೆ, ಇತರ ಭತ್ಯೆ, ಇನ್‌ಕ್ರಿಮೆಂಟ್ ತಾರೀಕು, ಹೊಸ ಸಂಬಳ, ನಿವೃತ್ತಿ ಅಥವಾ ಬಿಡುವ ದಿನ, ಪಿಎಫ್ ಉಂಟೋ ಇಲ್ಲವೋ, ಇಎಸ್‌ಐ ಉಂಟೋ ಇಲ್ಲವೋ, ಇಷ್ಟು ಕಾಲಂ ಸಾಕು.

ಹಾಳೆಗಳ ನಡುವೆ ಕೊಂಡಿಯಾಗಿ ಹೆಸರನ್ನು ಬಳಸಬೇಡಿ, ನೌಕರರ ಸಂಖ್ಯೆಯನ್ನೇ ಬಳಸಿ. ನಮ್ಮ ಊರಿನ ಸಂಬಳ ಪಟ್ಟಿಗಳಲ್ಲಿ ಇದು ನಿಜಕ್ಕೂ ಕಾಡುವ ತೊಂದರೆ. ಡಿಸೋಜ ಎಂಬ ಒಂದೇ ಮನೆತನದ ಹೆಸರನ್ನು ಇಂಗ್ಲಿಷಿನಲ್ಲಿ ಬರೆಯುವಾಗ ಒಬ್ಬರು ‘ಡಿ’ ನಂತರ ಅಪಾಸ್ಟ್ರಫಿ ಹಾಕುತ್ತಾರೆ, ಒಬ್ಬರು ಜಾಗ ಬಿಡುತ್ತಾರೆ, ಒಬ್ಬರು ಕೂಡಿಸಿ ಬರೆಯುತ್ತಾರೆ. ಪಿಎಫ್ ದಾಖಲೆಯಲ್ಲಿ ಒಂದು ರೂಪ, ಬ್ಯಾಂಕಿನಲ್ಲಿ ಇನ್ನೊಂದು. ಹೆಸರು ಹುಡುಕಿ ಹೊಂದಿಸುವ ಫಾರ್ಮುಲಾ ಅಲ್ಲೇ ಕೈಕೊಡುತ್ತದೆ. ಒಂದೇ ಹೆಸರಿನ ಇಬ್ಬರು ಶೆಟ್ಟರೋ ಇಬ್ಬರು ಪೂಜಾರಿಗಳೋ ಇದ್ದರೆ ಇನ್ನೂ ಕಷ್ಟ: ಫಾರ್ಮುಲಾ ತಪ್ಪು ಎಂದು ಹೇಳುವುದೂ ಇಲ್ಲ, ಮೊದಲು ಸಿಕ್ಕವರ ಸಂಬಳವನ್ನು ಇಬ್ಬರಿಗೂ ಹಾಕಿಬಿಡುತ್ತದೆ. ಕನ್ನಡದಲ್ಲಿ ಪಟ್ಟಿ ಇಡುವವರು ಹಳೆಯ ನುಡಿ ಅಕ್ಷರಶೈಲಿಯಲ್ಲಿರುವುದನ್ನು ಯೂನಿಕೋಡ್‌ಗೆ ಬದಲಿಸಿಕೊಳ್ಳಿ. ಎರಡೂ ಬೆರೆತಿದ್ದರೆ ಕಣ್ಣಿಗೆ ಒಂದೇ ಕಂಡರೂ ಕಂಪ್ಯೂಟರಿಗೆ ಬೇರೆ ಬೇರೆ.

ಮೂರನೆಯದು ‘ತಿಂಗಳುಗಳು’. ಅಡ್ಡಸಾಲಿನ ತಲೆಯಲ್ಲಿ 1-4-2026ರಿಂದ 1-3-2027ರವರೆಗೆ ಹನ್ನೆರಡು ತಾರೀಕು. ‘ಏಪ್ರಿಲ್’, ‘ಮೇ’ ಎಂದು ಅಕ್ಷರದಲ್ಲಿ ಬರೆಯದೆ ತಾರೀಕನ್ನೇ ಬರೆಯಬೇಕು, ಆಗಲೇ ಹೋಲಿಕೆ ಸಾಧ್ಯ. ಪ್ರತಿ ಸೆಲ್ಲಿನಲ್ಲಿ ‘ಇಫ್’ ಫಾರ್ಮುಲಾ ಕೇಳಬೇಕಾದ ಪ್ರಶ್ನೆಗಳು ಸರಳ. ಈ ತಿಂಗಳಿಗೆ ಈ ವ್ಯಕ್ತಿ ಕೆಲಸಕ್ಕೆ ಸೇರಿದ್ದಾರೆಯೇ? ಬಿಟ್ಟು ಹೋಗಿದ್ದಾರೆಯೇ? ಇನ್‌ಕ್ರಿಮೆಂಟ್ ತಾರೀಕು ದಾಟಿದೆಯೇ? ದಾಟಿದ್ದರೆ ಹೊಸ ಸಂಬಳ, ಇಲ್ಲದಿದ್ದರೆ ಹಳೆಯದು. ಪಿಎಫ್‌ಗೆ ‘ಮಿನ್’ ಫಾರ್ಮುಲಾ: ಸಂಬಳ ಮತ್ತು ಮಿತಿ ಎರಡರಲ್ಲಿ ಕಡಿಮೆಯದನ್ನು ತೆಗೆದುಕೊಂಡು ದರದಿಂದ ಗುಣಿಸು. ನಾಲ್ಕನೆಯದು ‘ಸಾರ’: ವಿಭಾಗವಾರು, ಬಾಬ್ತುವಾರು ಒಟ್ಟು. ಇದನ್ನು ‘ಸಮ್‌ಇಫ್ಸ್’ ಅಥವಾ ಪಿವೊಟ್ ಟೇಬಲ್ ಮಾಡಿಕೊಡುತ್ತದೆ. ಕಂಪ್ಯೂಟರಿನ ಪ್ರದೇಶದ ಸೆಟ್ಟಿಂಗನ್ನು ಭಾರತಕ್ಕೆ ಬದಲಿಸಿದರೆ ಅಲ್ಪವಿರಾಮಗಳು ಲಕ್ಷ, ಕೋಟಿಯ ಕ್ರಮದಲ್ಲಿ ಬೀಳುತ್ತವೆ. ಆಡಳಿತ ಮಂಡಳಿಯ ಹಿರಿಯರಿಗೆ ಮಿಲಿಯನ್ ಕ್ರಮದ ಅಂಕಿ ಓದಿಸುವ ಅಗತ್ಯವಿಲ್ಲ.

ಮುಂದಿನ ವರ್ಷಕ್ಕೆ ಹೋಗುವ ಮೊದಲು ಹಾಳೆಯನ್ನು ಒಂದು ಪರೀಕ್ಷೆಗೆ ಒಡ್ಡಿ. ಆಗಲೇ ಸಂಬಳ ಕೊಟ್ಟು ಮುಗಿದ ಫೆಬ್ರುವರಿಯನ್ನು ಇದೇ ಹಾಳೆಯಲ್ಲಿ ಲೆಕ್ಕ ಹಾಕಿಸಿ. ಬಂದ ಪಿಎಫ್ ಮೊತ್ತವನ್ನು ಆ ತಿಂಗಳ ಚಲನ್‌ನೊಂದಿಗೆ, ಇಎಸ್‌ಐ ಮೊತ್ತವನ್ನು ಇಎಸ್‌ಐ ಚಲನ್‌ನೊಂದಿಗೆ ಹೋಲಿಸಿ. ಹತ್ತಿಪ್ಪತ್ತು ರೂಪಾಯಿ ವ್ಯತ್ಯಾಸ ರೌಂಡಿಂಗ್‌ನಿಂದ ಬರಬಹುದು. ಅದಕ್ಕಿಂತ ಹೆಚ್ಚಿದ್ದರೆ ಯಾರೋ ಒಬ್ಬರ ಸಾಲು ತಪ್ಪಾಗಿದೆ, ಇಲ್ಲವೇ ಚಲನ್ನೇ ತಪ್ಪಾಗಿದೆ. ಎರಡರಲ್ಲಿ ಯಾವುದೇ ಆದರೂ ಈಗ ಗೊತ್ತಾಗುವುದು ಒಳ್ಳೆಯದು. ಈ ಒಂದು ಹೆಜ್ಜೆಯನ್ನು ಯಾವ ಕಾರಣಕ್ಕೂ ಬಿಡಬೇಡಿ. ನಡೆದ ತಿಂಗಳನ್ನು ಸರಿಯಾಗಿ ಹೇಳಲಾರದ ಹಾಳೆ ನಡೆಯಲಿರುವ ವರ್ಷವನ್ನು ಹೇಳಲಾರದು.

ವರ್ಷದೊಳಗಿನ ತಾರೀಕುಗಳು

ಏಪ್ರಿಲ್ 1ರ ದೊಡ್ಡ ಬದಲಾವಣೆ ಕನಿಷ್ಠ ವೇತನದ ತುಟ್ಟಿಭತ್ಯೆ. ಬೆಲೆ ಸೂಚ್ಯಂಕದ ಏರಿಕೆಯ ಮೇಲೆ ರಾಜ್ಯ ಕಾರ್ಮಿಕ ಇಲಾಖೆ ಪ್ರತಿ ವರ್ಷ ಹೊಸ ದರ ಪ್ರಕಟಿಸುತ್ತದೆ. ನಿಮ್ಮ ಉದ್ಯಮ ಯಾವ ಅನುಸೂಚಿಗೆ ಸೇರಿದೆ, ಮಂಗಳೂರು ಅದರಲ್ಲಿ ಯಾವ ವಲಯ, ಕುಶಲ ಮತ್ತು ಅರೆಕುಶಲ ಎಂಬ ದರ್ಜೆಯಲ್ಲಿ ನಿಮ್ಮವರು ಎಲ್ಲಿದ್ದಾರೆ ಎಂಬುದನ್ನು ಇಲಾಖೆಯ ಅಧಿಸೂಚನೆ ತೆರೆದು ನೋಡಿ ‘ದರಗಳು’ ಹಾಳೆಗೆ ತನ್ನಿ. ಆಮೇಲೆ ‘ಹುದ್ದೆಗಳು’ ಹಾಳೆಯಲ್ಲಿ ಒಂದು ತಪಾಸಣೆಯ ಕಾಲಂ ಹಾಕಿ: ಹೊಸ ಸಂಬಳ ಕನಿಷ್ಠ ವೇತನಕ್ಕಿಂತ ಕಡಿಮೆಯಿದ್ದರೆ ಸೆಲ್ ಕೆಂಪಾಗಲಿ. ಸೆಕ್ಯೂರಿಟಿ ಮತ್ತು ಸ್ವಚ್ಛತೆಯ ಏಜೆನ್ಸಿಗಳ ಬಿಲ್ಲೂ ಇದೇ ತಾರೀಕಿನಿಂದ ಏರುತ್ತದೆ. ಅವರ ಸಂಬಳ, ಪಿಎಫ್, ಇಎಸ್‌ಐ, ಸೇವಾ ಶುಲ್ಕ, ಅದರ ಮೇಲೆ ಜಿಎಸ್‌ಟಿ ಎಲ್ಲ ಸೇರಿದ ಮೊತ್ತ ಅದು. ಅದನ್ನು ‘ಇತರ ಖರ್ಚು’ ಎಂದು ಬೇರೆಡೆ ಹಾಕಿ ಮರೆಯುವುದರಿಂದ ಜೂನ್ ಹೊತ್ತಿಗೆ ಬಜೆಟ್ ಹರಿದಿರುತ್ತದೆ.

ಬೋನಸ್ಸಿನ ತಿಂಗಳು ಈ ಸಲ ಬದಲಾಗುತ್ತದೆ. 2025ರ ದೀಪಾವಳಿ ಅಕ್ಟೋಬರ್ 20ರ ಹೊತ್ತಿಗೆ ಬಂದಿತ್ತು. 2026ರಲ್ಲಿ ನವೆಂಬರ್ 8ರ ಹೊತ್ತಿಗೆ. ಹೋದ ವರ್ಷದ ಹಾಳೆಯನ್ನು ಹಾಗೇ ನಕಲು ಮಾಡಿದವರ ಬ್ಯಾಂಕ್ ಲೆಕ್ಕದಲ್ಲಿ ಅಕ್ಟೋಬರ್‌ಗೆ ದುಡ್ಡು ಸುಮ್ಮನೆ ಕೂತಿರುತ್ತದೆ, ನವೆಂಬರ್‌ಗೆ ಕೊರತೆ ಬೀಳುತ್ತದೆ. ಕಾಯ್ದೆಯ ಪ್ರಕಾರ ಲೆಕ್ಕವರ್ಷ ಮುಗಿದ ಎಂಟು ತಿಂಗಳೊಳಗೆ, ಅಂದರೆ ನವೆಂಬರ್ ಮುಗಿಯುವ ಮೊದಲು ಕೊಟ್ಟರಾಯಿತು. ಆದರೆ ಹಬ್ಬ ಕಳೆದ ಮೇಲೆ ಕೊಟ್ಟ ಬೋನಸ್ ಮನೆಯ ಮಕ್ಕಳ ಬಟ್ಟೆಗೆ ಆಗುವುದಿಲ್ಲ, ಆದ್ದರಿಂದ ಹಬ್ಬಕ್ಕೆ ಒಂದು ವಾರ ಮೊದಲಿನ ತಾರೀಕನ್ನೇ ಹಾಳೆಯಲ್ಲಿ ಬರೆಯಿರಿ. ಇಲ್ಲಿ ಎರಡು ಬೇರೆ ಅಂಕಿಗಳಿವೆ ಎಂಬುದನ್ನೂ ಗಮನಿಸಿ: ನವೆಂಬರಿನಲ್ಲಿ ಕೈಯಿಂದ ಹೋಗುವುದು 2025-26ರ ಬೋನಸ್, ತಿಂಗಳು ತಿಂಗಳು ಖರ್ಚೆಂದು ತೆಗೆದಿಡುವುದು 2026-27ರದ್ದು. ಪಿಎಫ್, ಇಎಸ್‌ಐ ಕೂಡ ಹಾಗೆಯೇ. ಮಾರ್ಚ್ ತಿಂಗಳದ್ದನ್ನು ಏಪ್ರಿಲ್ 15ರೊಳಗೆ ಕಟ್ಟುತ್ತೀರಿ. ಆದ್ದರಿಂದ ‘ತಿಂಗಳುಗಳು’ ಹಾಳೆಯ ಕೆಳಗೆ ಎರಡು ಒಟ್ಟು ಸಾಲು ಬೇಕು: ಒಂದು ಖರ್ಚಿನದು, ಇನ್ನೊಂದು ಬ್ಯಾಂಕಿನಿಂದ ಹೋಗುವ ಹಣದ್ದು.

ರಜೆಯ ದಿನ ದುಡಿಸಿದ್ದಕ್ಕೂ ಬಾಬ್ತು ಬೇಕು. ಕರ್ನಾಟಕದ 1963ರ ರಾಷ್ಟ್ರೀಯ ಮತ್ತು ಹಬ್ಬದ ರಜೆಗಳ ಕಾಯ್ದೆಯ ಪ್ರಕಾರ ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2, ನವೆಂಬರ್ 1 ಈ ಐದು ದಿನ, ಜೊತೆಗೆ ಬೇರೆ ಐದು ಹಬ್ಬಗಳಿಗೆ ಸಂಬಳ ಸಹಿತ ರಜೆ. ನಮ್ಮ ಊರಿನಲ್ಲಿ ಆ ಐದನ್ನು ಆರಿಸುವಾಗ ಚೌತಿ, ಈದ್, ಕ್ರಿಸ್ಮಸ್ ಎಲ್ಲ ಕೇಳಿಬರುತ್ತವೆ. ಮೊಂತಿ ಫೆಸ್ತ್‌ನ ಸೆಪ್ಟೆಂಬರ್ 8 ಈ ಸಲ ಮಂಗಳವಾರ. ಬೇಕರಿ, ಆಸ್ಪತ್ರೆ, ಪೆಟ್ರೋಲ್ ಬಂಕಿನಂಥ ಕಡೆ ಇಂಥ ರಜೆಯ ದಿನವೂ ಕೆಲಸ ನಡೆಯುತ್ತದೆ. ಅದಕ್ಕೆ ಎರಡು ಪಟ್ಟು ಸಂಬಳ ಅಥವಾ ಬದಲಿ ರಜೆ ಕೊಡಬೇಕು.

ಕಡಲಿಗೆ ಅಂಟಿಕೊಂಡ ಕೆಲಸಗಳಿಗೆ ಇನ್ನೊಂದು ತಾರೀಕು ಇದೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ದಕ್ಕೆಯ ಸುತ್ತಿನ ಐಸ್ ಪ್ಲಾಂಟ್, ಮೀನು ಸಂಸ್ಕರಣೆಯ ಘಟಕಗಳಲ್ಲಿ ಆ ಎರಡು ತಿಂಗಳ ಓಟಿ ಸೊನ್ನೆಗೆ ಇಳಿಯುತ್ತದೆ, ಆಗಸ್ಟಿನಲ್ಲಿ ಒಮ್ಮೆಲೇ ಏರುತ್ತದೆ. ವರ್ಷದ ಓಟಿಯನ್ನು ಹನ್ನೆರಡರಿಂದ ಭಾಗಿಸಿ ಹಾಕಿದ ಬಜೆಟ್ ಅಲ್ಲಿ ಯಾವ ತಿಂಗಳೂ ಸರಿಬರುವುದಿಲ್ಲ.

21,000ದ ಗೆರೆ

ಇಎಸ್‌ಐಯ ವೇತನ ಮಿತಿ ತಿಂಗಳಿಗೆ 21,000, ಅಂಗವಿಕಲರಿಗೆ 25,000. ಮೇಲೆ ಹೇಳಿದ 20,000ದ ನೌಕರನಿಗೆ 1,500 ರೂಪಾಯಿ ಏರಿಕೆ ಕೊಟ್ಟರೆ ಅವನು ಈ ಗೆರೆ ದಾಟುತ್ತಾನೆ. ಯಾವ ತಿಂಗಳಲ್ಲಿ ದಾಟುತ್ತಾನೆ ಎಂಬುದರ ಮೇಲೆ ಲೆಕ್ಕ ನಿಂತಿದೆ. ಇಎಸ್‌ಐ ವಂತಿಗೆಯ ಅವಧಿಗಳು ಎರಡು: ಏಪ್ರಿಲ್‌ನಿಂದ ಸೆಪ್ಟೆಂಬರ್, ಅಕ್ಟೋಬರ್‌ನಿಂದ ಮಾರ್ಚ್. ಏಪ್ರಿಲ್ 1ಕ್ಕೆ ಏರಿಕೆ ಕೊಟ್ಟರೆ ಅಂದಿನಿಂದಲೇ ವಂತಿಗೆ ನಿಲ್ಲುತ್ತದೆ. ಜುಲೈನಲ್ಲಿ ಕೊಟ್ಟರೆ ಸೆಪ್ಟೆಂಬರ್ ಕೊನೆಯವರೆಗೆ 21,500ರ ಮೇಲೆಯೇ ಕಟ್ಟಬೇಕು, ಮಾಲೀಕರ ಪಾಲು ತಿಂಗಳಿಗೆ 699 ರೂಪಾಯಿ. ಫಾರ್ಮುಲಾದಲ್ಲಿ ಇದನ್ನು ಹಿಡಿಯುವುದು ಸುಲಭ: ಆಯಾ ತಿಂಗಳ ಸಂಬಳವನ್ನು ನೋಡದೆ, ಅವಧಿಯ ಮೊದಲ ತಿಂಗಳ ಸಂಬಳವನ್ನು ಮಿತಿಯೊಂದಿಗೆ ಹೋಲಿಸಬೇಕು.

ಲೆಕ್ಕ ಅಷ್ಟೇ. ಆದರೆ ಆ ಸಾಲಿನ ಹಿಂದೆ ಒಂದು ಮನೆ ಇದೆ. ಗೆರೆ ದಾಟಿದ ನೌಕರ ತಿಂಗಳಿಗೆ ತನ್ನ ಪಾಲಿನ 150 ರೂಪಾಯಿ ಉಳಿಸುತ್ತಾನೆ, ಸಂಸ್ಥೆ 650 ಉಳಿಸುತ್ತದೆ. ಅವನ ಹೆಂಡತಿ, ಮಕ್ಕಳು, ಅವಲಂಬಿತ ತಂದೆತಾಯಿ ಇಎಸ್‌ಐ ಆಸ್ಪತ್ರೆಯ ಚಿಕಿತ್ಸೆ ಕಳೆದುಕೊಳ್ಳುತ್ತಾರೆ. ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ಕಟ್ಟಿದ ವಂತಿಗೆಯ ಸೌಲಭ್ಯದ ಅವಧಿ ಜುಲೈನಿಂದ ಡಿಸೆಂಬರ್. ಅದಾದ ಮೇಲೆ ಒಂದು ಶಸ್ತ್ರಚಿಕಿತ್ಸೆ ಬಂದರೆ ಇಡೀ ವರ್ಷದ ಏರಿಕೆ ಅದರಲ್ಲೇ ಹೋಗುತ್ತದೆ. ಆದ್ದರಿಂದ ‘ಹುದ್ದೆಗಳು’ ಹಾಳೆಯಲ್ಲಿ ಈ ವರ್ಷ ಗೆರೆ ದಾಟುವವರೆಲ್ಲರ ಮುಂದೆ ಗುರುತು ಬೀಳುವಂತೆ ಮಾಡಿ, ಅವರಿಗಾಗಿ ಗುಂಪು ಆರೋಗ್ಯ ವಿಮೆಯ ಒಂದು ಬಾಬ್ತನ್ನು, ಜಿಎಸ್‌ಟಿ ಸೇರಿಸಿ, ಇದೇ ಬಜೆಟ್‌ನಲ್ಲಿ ಇಡಿ. ಉಳಿದ 650 ರೂಪಾಯಿಯಲ್ಲಿ ಒಂದು ಪಾಲು ಅಲ್ಲಿಗೆ ಹೋಗಲಿ. ಈ ಅಂಕಿಯನ್ನು ಆಡಳಿತ ಮಂಡಳಿಗೆ ತೋರಿಸಬೇಕಾದವರು ಲೆಕ್ಕದವರೇ. ಬೇರೆ ಯಾರ ಕಣ್ಣಿಗೂ ಅದು ಬೀಳುವುದಿಲ್ಲ. ಬೋನಸ್ಸಿನ ಅರ್ಹತೆಯ ಮಿತಿಯೂ 21,000 ಆದ್ದರಿಂದ ಇದೇ ನೌಕರ ಮುಂದಿನ ವರ್ಷ ಶಾಸನಬದ್ಧ ಬೋನಸ್ಸಿನಿಂದಲೂ ಹೊರಗಾಗುತ್ತಾನೆ. ತಿಂಗಳಿಗೆ 1,500 ಹೆಚ್ಚು ಸಿಕ್ಕಿತು ಎಂದು ಖುಷಿಪಟ್ಟವನಿಗೆ ಬೋನಸ್ಸಿನ 15,000 ಹೋದರೆ ವರ್ಷದ ಕೊನೆಗೆ ಉಳಿಯುವ ಲಾಭ 3,000, ಮತ್ತು ಉಳಿಸಿದ ಇಎಸ್‌ಐ ವಂತಿಗೆ. ಇಂಥವರಿಗೆ ಅಷ್ಟೇ ಮೊತ್ತವನ್ನು ಎಕ್ಸ್‌ಗ್ರೇಷಿಯಾ ಎಂದು ಮುಂದುವರಿಸುವುದು ನ್ಯಾಯ.

ಕಾರ್ಮಿಕ ಸಂಹಿತೆಗಳ ನಂತರ

ನಾಲ್ಕು ಕಾರ್ಮಿಕ ಸಂಹಿತೆಗಳು 2025ರ ನವೆಂಬರ್ 21ರಿಂದ ಜಾರಿಗೆ ಬಂದಿವೆ. ಪೂರ್ತಿ ಸಂಹಿತೆಯ ಕಾಲದಲ್ಲಿ ತಯಾರಾಗುವ ಮೊದಲ ಬಜೆಟ್ 2026-27ರದ್ದು. ಬಜೆಟ್ ಮಾಡುವವರಿಗೆ ಅದರಲ್ಲಿ ಮುಖ್ಯವಾದದ್ದು ವೇತನದ ವ್ಯಾಖ್ಯೆ. ಮನೆ ಬಾಡಿಗೆ, ಪ್ರಯಾಣ ಮುಂತಾದ ಭತ್ಯೆಗಳು ಒಟ್ಟು ಸಂಭಾವನೆಯ ಅರ್ಧವನ್ನು ಮೀರಿದರೆ, ಮೀರಿದಷ್ಟು ಹಣವನ್ನೂ ವೇತನವೆಂದೇ ಎಣಿಸಬೇಕು. 40,000 ಸಂಬಳದಲ್ಲಿ ಮೂಲವೇತನ 12,000 ಮಾತ್ರ ಇಟ್ಟು ಉಳಿದ 28,000 ಭತ್ಯೆಯಾಗಿ ಕೊಡುತ್ತಿದ್ದರೆ, 8,000 ವೇತನಕ್ಕೆ ಸೇರಿ ಅದು 20,000 ಆಗುತ್ತದೆ. ಗ್ರಾಚ್ಯುಟಿಗೆ ತೆಗೆದಿಡುವ ಹಣ 577 ರೂಪಾಯಿಯಿಂದ 962ಕ್ಕೆ ಏರುತ್ತದೆ, ಪಿಎಫ್ 15,000ದ ಮಿತಿಯಲ್ಲಿ ನಿಲ್ಲುತ್ತದೆ. ಇಂಥ ಸಂಬಳ ರಚನೆ ಇರುವವರು ಹಾಳೆಯಲ್ಲಿ ‘ಎಣಿಕೆಯ ವೇತನ’ ಎಂಬ ಬೇರೆ ಕಾಲಂ ಇಡಬೇಕು.

ನಿಗದಿತ ಅವಧಿಯ ಕರಾರಿನ ಮೇಲೆ ಬಂದವರಿಗೆ ಐದು ವರ್ಷ ಕಾಯದೆ ಒಂದು ವರ್ಷಕ್ಕೇ ಗ್ರಾಚ್ಯುಟಿ ಹಕ್ಕು ಬರುತ್ತದೆ. ಕೆಲಸ ಬಿಟ್ಟವರ ಸಂಬಳ ಬಾಕಿಯನ್ನು ಎರಡು ಕೆಲಸದ ದಿನಗಳೊಳಗೆ ತೀರಿಸಬೇಕು. ತಿಂಗಳ ಕೊನೆಯವರೆಗೆ ಕಾಯಿಸುವ ಅಭ್ಯಾಸ ಇದ್ದವರು ಬ್ಯಾಂಕಿನಲ್ಲಿ ಅಷ್ಟು ಹಣ ಕೈಗೆಟಕುವಂತೆ ಇಟ್ಟುಕೊಳ್ಳಲಿ.

ತಲೆ ಲೆಕ್ಕಕ್ಕೆ ಸಿಗದ ಕೂಲಿ, ಶಾಲೆಯ ಸಂಬಳ

ಬೀಡಿ ಮತ್ತು ಗೇರುಬೀಜದ ಕೆಲಸಕ್ಕೆ ಸಿದ್ಧ ಪೇರೋಲ್ ನಮೂನೆಗಳು ಹೊಂದುವುದಿಲ್ಲ. ಬೀಡಿಗೆ ಕೂಲಿ ಸಾವಿರದ ಲೆಕ್ಕ, ಗೇರುಬೀಜಕ್ಕೆ ಎಷ್ಟೋ ಕಡೆ ಕಿಲೋ ಲೆಕ್ಕ. ಇಲ್ಲಿ ಬಜೆಟ್‌ನ ಮೂಲ ಅಂಕಿ ಜನರ ಸಂಖ್ಯೆಯಲ್ಲ, ತಿಂಗಳ ಉತ್ಪಾದನೆ. ಉತ್ಪಾದನಾ ಯೋಜನೆಯ ಅಂಕಿಯನ್ನು ದರದಿಂದ ಗುಣಿಸಿ, ಅದರ ಮೇಲೆ ವಂತಿಗೆಗಳನ್ನು ಹಾಕಬೇಕು. ಟ್ಯಾಲಿಯಲ್ಲಿ ಇದಕ್ಕೆ ಉತ್ಪಾದನೆಯ ಆಧಾರದ ಪೇ ಹೆಡ್ ಮಾಡಿಕೊಳ್ಳಲು ಅವಕಾಶವಿದೆ.

ಶಾಲೆ, ಕಾಲೇಜುಗಳಲ್ಲಿ ಒಂದೇ ಸ್ಟಾಫ್ ರೂಮಿನಲ್ಲಿ ಎರಡು ಬಗೆಯ ಸಂಬಳ. ಅನುದಾನಿತ ಹುದ್ದೆಯವರದು ಸರ್ಕಾರದಿಂದ, ಉಳಿದವರದು ಆಡಳಿತ ಮಂಡಳಿಯಿಂದ. ಏಳನೇ ರಾಜ್ಯ ವೇತನ ಆಯೋಗದ ಶ್ರೇಣಿ 2024ರ ಆಗಸ್ಟ್ 1ರಿಂದ ಜಾರಿಯಾಗಿ ಕನಿಷ್ಠ ಮೂಲವೇತನ 17,000ದಿಂದ 27,000ಕ್ಕೆ ಏರಿದ ಮೇಲೆ ಈ ಎರಡರ ನಡುವಿನ ಅಂತರ ಇನ್ನೂ ಅಗಲವಾಗಿದೆ. ಆಡಳಿತ ಮಂಡಳಿ ಸರ್ಕಾರಿ ತುಟ್ಟಿಭತ್ಯೆಯನ್ನು ಅನುಸರಿಸುವುದಾದರೆ ಅದು ಜನವರಿ ಮತ್ತು ಜುಲೈಗೆ ಬದಲಾಗುತ್ತದೆ, ಆದೇಶ ಮಾತ್ರ ತಿಂಗಳುಗಳ ನಂತರ ಬರುತ್ತದೆ. ಹಾಗಾಗಿ ಅರಿಯರ್ಸ್‌ಗೆ ಒಂದು ಸಾಲು ಬೇಕು. ಶಿಕ್ಷಕರಿಗೆ ಗ್ರಾಚ್ಯುಟಿ ಇಲ್ಲ ಎಂಬ ಹಳೆಯ ನಂಬಿಕೆ ಈಗಲೂ ಕೆಲವೆಡೆ ಕೇಳಿಬರುತ್ತದೆ. 1997ರ ಏಪ್ರಿಲ್ 3ರಿಂದ ಅನ್ವಯವಾಗುವಂತೆ 2009ರಲ್ಲಿ ಕಾಯ್ದೆ ತಿದ್ದುಪಡಿಯಾಯಿತು, 2022ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಇಪ್ಪತ್ತೈದು ವರ್ಷ ಪಾಠ ಮಾಡಿದ, ಕೊನೆಯ ವೇತನ 30,000 ಇರುವ ಒಬ್ಬ ಶಿಕ್ಷಕಿಗೆ ಕೊಡಬೇಕಾದ ಮೊತ್ತ 4,32,692 ರೂಪಾಯಿ. ನಿವೃತ್ತಿಯ ವರ್ಷದಲ್ಲಿ ಅದನ್ನು ಹುಡುಕಲು ಹೊರಟರೆ ಆಗುವುದಿಲ್ಲ. ಎಲ್‌ಐಸಿಯ ಗುಂಪು ಗ್ರಾಚ್ಯುಟಿ ಯೋಜನೆಯಂಥ ಕಡೆ ವರ್ಷ ವರ್ಷ ಕಟ್ಟಬೇಕು.

ಹೆಂಗಸರೇ ಹೆಚ್ಚಿರುವ ಶಾಲೆ, ಆಸ್ಪತ್ರೆಗಳಲ್ಲಿ ಹೆರಿಗೆ ರಜೆಯ ಬಾಬ್ತು ಕಡ್ಡಾಯವಾಗಿ ಇರಲಿ. 26 ವಾರಗಳ ಸಂಬಳ ಇಎಸ್‌ಐ ವ್ಯಾಪ್ತಿಯಲ್ಲಿದ್ದರೆ ನಿಗಮದಿಂದ ಬರುತ್ತದೆ, ಇಲ್ಲದಿದ್ದರೆ ಸಂಸ್ಥೆ ಕೊಡಬೇಕು. ಎರಡೂ ಸಂದರ್ಭದಲ್ಲಿ ಬದಲಿ ವ್ಯಕ್ತಿಯ ಸಂಬಳ ಸಂಸ್ಥೆಯದ್ದೇ. ಈ ಬಾಬ್ತು ಬಜೆಟ್‌ನಲ್ಲಿ ಇಲ್ಲದ ಕಡೆಯಲ್ಲೇ ರಜೆ ಕೇಳಿದ ಹುಡುಗಿ ಮುಜುಗರ ಅನುಭವಿಸಬೇಕಾಗುತ್ತದೆ.

ಏರಿಕೆಯನ್ನು ಹಂಚುವುದು

ಒಟ್ಟು ಎಷ್ಟು ಏರಿಕೆ ಕೊಡಬಹುದು ಎಂದು ಆಡಳಿತ ಮಂಡಳಿ ಹೇಳಿದ ಮೇಲೆ ಹಂಚಿಕೆಯ ಪ್ರಶ್ನೆ. ಹತ್ತು ಜನರ ಒಂದು ಕಚೇರಿಯನ್ನು ತೆಗೆದುಕೊಳ್ಳಿ: 15,000ದ ಐವರು, 25,000ದ ಮೂವರು, 60,000ದ ಇಬ್ಬರು. ತಿಂಗಳ ಒಟ್ಟು 2,70,000. ಎಲ್ಲರಿಗೂ ಶೇ 8 ಎಂದರೆ ಖರ್ಚು 21,600. ಕೆಳಗಿನವರಿಗೆ 1,200, ಮೇಲಿನವರಿಗೆ 4,800. ಅದೇ 21,600ನ್ನು ಬೇರೆ ರೀತಿ ಹಂಚಿ ನೋಡಿ. ಎಲ್ಲರಿಗೂ ಸಮನಾಗಿ 1,000, ಉಳಿದ 11,600 ಶೇಕಡಾವಾರು, ಅಂದರೆ ಸುಮಾರು ಶೇ 4.3. ಆಗ ಕೆಳಗಿನವರಿಗೆ 1,644, ನಡುವಿನವರಿಗೆ 2,074, ಮೇಲಿನವರಿಗೆ 3,578. ಸಂಸ್ಥೆಯ ಸಂಬಳದ ಖರ್ಚು ಒಂದೇ. ಅಕ್ಕಿ, ಎಣ್ಣೆ, ಬಸ್ಸಿನ ದರ ಎಲ್ಲರಿಗೂ ಒಂದೇ ಇರುವಾಗ ಎರಡನೆಯ ಹಂಚಿಕೆಯೇ ಸರಿ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಮಂಡಳಿ ಯಾವುದನ್ನೇ ಆರಿಸಲಿ, ಎರಡನ್ನೂ ಅಕ್ಕಪಕ್ಕದಲ್ಲಿ ತೋರಿಸಿ. ಎಕ್ಸೆಲ್‌ನ ‘ಗೋಲ್ ಸೀಕ್’ ಈ ಕೆಲಸವನ್ನು ಮಾಡಿಕೊಡುತ್ತದೆ: ಒಟ್ಟು ಮೊತ್ತ ಇಷ್ಟಾಗಬೇಕು, ಶೇಕಡಾ ಎಷ್ಟಿರಬೇಕು ಎಂದು ಕೇಳಿದರೆ ‘ದರಗಳು’ ಹಾಳೆಯ ಆ ಒಂದು ಸೆಲ್ಲನ್ನು ತಾನೇ ಬದಲಿಸಿ ಉತ್ತರ ಕೊಡುತ್ತದೆ.

ಟ್ಯಾಲಿಗೆ ತರುವಾಗ

ಬಜೆಟ್ ಒಪ್ಪಿಗೆಯಾದ ಮೇಲೆ ಅದು ಲೆಕ್ಕಪುಸ್ತಕದೊಳಗೆ ಬರಬೇಕು. ನಮ್ಮ ಕಡೆ ಹೆಚ್ಚಿನವರ ಬಳಿ ಟ್ಯಾಲಿ ಇದೆ. ಅದರಲ್ಲಿ ಸಂಬಳ, ಮಾಲೀಕರ ಪಿಎಫ್, ಮಾಲೀಕರ ಇಎಸ್‌ಐ, ಬೋನಸ್, ಗ್ರಾಚ್ಯುಟಿ ಪ್ರತಿಯೊಂದಕ್ಕೂ ಬೇರೆ ಲೆಡ್ಜರ್ ಇರಲಿ. ಹೊಸ ಸಂಬಳ ನಮೂದಿಸುವಾಗ ‘ಎಫೆಕ್ಟಿವ್ ಫ್ರಮ್’ ಕಾಲಂನಲ್ಲಿ 1-4-2026 ಎಂದು ಹೊಸ ಸಾಲು ಸೇರಿಸಿ. ಹಳೆಯ ಅಂಕಿಯ ಮೇಲೆಯೇ ತಿದ್ದಿದರೆ ಸಂಬಳದ ಇತಿಹಾಸ ಅಳಿಸಿಹೋಗುತ್ತದೆ, ಮುಂದೆ ಅರಿಯರ್ಸ್ ಲೆಕ್ಕ ಹಾಕಲು ಆಧಾರ ಉಳಿಯುವುದಿಲ್ಲ. ಟ್ಯಾಲಿಯ ಬಜೆಟ್ ಸೌಲಭ್ಯವನ್ನು ಚಾಲೂ ಮಾಡಿ, ಈ ಲೆಡ್ಜರ್‌ಗಳಿಗೆ ಮೊತ್ತ ಹಾಕುವಾಗ ‘ಆನ್ ನೆಟ್ ಟ್ರಾನ್ಸಾಕ್ಷನ್ಸ್’ ಆರಿಸಿ. ಸಂಬಳ ತಿಂಗಳು ತಿಂಗಳು ಒಂದೇ ಇರುವುದಿಲ್ಲವಾದ್ದರಿಂದ ವರ್ಷಕ್ಕೆ ಒಂದೇ ಬಜೆಟ್ ಹಾಕದೆ ತಿಂಗಳಿಗೊಂದು ಮಾಡುವುದು ಒಳ್ಳೆಯದು. ಸಂಬಳ ವಿತರಣೆಗೆ ಗ್ರೇಟ್‌ಎಚ್‌ಆರ್, ಜೋಹೋ ಪೇರೋಲ್‌ನಂಥ ಸೇವೆ ಬಳಸುವವರು ಪ್ರತಿ ತಿಂಗಳ ವರದಿಯನ್ನು ಎಕ್ಸೆಲ್ಲಿಗೆ ಇಳಿಸಿ ಇದೇ ನಾಲ್ಕು ಹಾಳೆಯ ಫೈಲಿನೊಂದಿಗೆ ಹೋಲಿಸಬಹುದು.

ಫೈಲಿಗೆ ಪಾಸ್‌ವರ್ಡ್ ಹಾಕಿ. ಒಬ್ಬೊಬ್ಬರ ಸಂಬಳ ಇರುವ ಹಾಳೆಯನ್ನು ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹಂಚಬೇಡಿ. ಮಂಡಳಿಗೆ ‘ಸಾರ’ ಹಾಳೆಯ ಪಿಡಿಎಫ್ ಸಾಕು. ಒಪ್ಪಿಗೆಯಾದ ಪ್ರತಿಯನ್ನು ತಾರೀಕಿನ ಹೆಸರಿನಲ್ಲಿ ಉಳಿಸಿ ಬೀಗ ಹಾಕಿ, ಬದಲಾವಣೆಗಳನ್ನು ಇನ್ನೊಂದು ಪ್ರತಿಯಲ್ಲಿ ಮಾಡಿ.

ಮೊದಲ ಹೋಲಿಕೆ ಮೇ ಎರಡನೇ ವಾರದಲ್ಲಿ, ಏಪ್ರಿಲ್‌ನ ಚಲನ್‌ಗಳು ಕೈಗೆ ಬಂದ ಮೇಲೆ. ವ್ಯತ್ಯಾಸ ಕಂಡರೆ ಅದು ಜನರ ಸಂಖ್ಯೆಯಿಂದಲೋ, ದರದಿಂದಲೋ, ತಾರೀಕು ಹಿಂದೆ ಮುಂದೆ ಆದದ್ದರಿಂದಲೋ ಎಂದು ಮೂರು ಬಗೆಯಾಗಿ ಬರೆದಿಡಿ. ಸೆಪ್ಟೆಂಬರ್ ಕೊನೆಗೆ ಒಮ್ಮೆ ಇಡೀ ಹಾಳೆಯನ್ನು ಹೊಸದಾಗಿ ಓಡಿಸಿ, ಅಷ್ಟರಲ್ಲಿ ಇಎಸ್‌ಐಯ ಹೊಸ ಅವಧಿ ಶುರುವಾಗುತ್ತದೆ, ದೀಪಾವಳಿಗೆ ಬೇಕಾದ ಹಣ ಎಷ್ಟೆಂದು ಬ್ಯಾಂಕಿಗೆ ಹೇಳಲು ಇನ್ನೂ ಐದು ವಾರ ಉಳಿದಿರುತ್ತದೆ.